ಮನಿಲಾದಲ್ಲಿ ಊರಿನವರಂತೆ ಉಣ್ಣುವುದು ಹೇಗೆ: ಹೊತ್ತು ಗೊತ್ತುಮಾಡುವುದರಿಂದ ಬಿಲ್ಲು ಕೊಡುವವರೆಗೆ

ಮನಿಲಾಕ್ಕೆ ಬಂದುಹೋಗುವ ನಮ್ಮವರಲ್ಲಿ ಹೆಚ್ಚಿನವರು ಒಂದೇ ಬಗೆಯಲ್ಲಿ ಸೋಲುತ್ತಾರೆ. ಬೆಳಿಗ್ಗೆ ಹೋಟೆಲಿನ ಉಪಾಹಾರ ಮುಗಿಸಿ, ಊರು ಸುತ್ತಿ, ಎರಡೂವರೆಯ ಹೊತ್ತಿಗೆ ಹಸಿದು ರಸ್ತೆಬದಿಯ ಊಟದಂಗಡಿಗೆ ಹೋಗುತ್ತಾರೆ. ಅಲ್ಲಿ ಪಾತ್ರೆಯ ತಳದಲ್ಲಿ ತಣ್ಣಗಾಗಿ ಉಳಿದದ್ದನ್ನು ಹೆಸರು ಕೇಳದೆಯೇ ಹಾಕಿಸಿಕೊಂಡು, ಎರಡು ತುತ್ತು ತಿಂದು ಬಿಟ್ಟು, ಕೊನೆಗೆ ಮಾಲ್‌ಗೆ ಹೋಗಿ ಕರಿದ ಕೋಳಿ ತಿನ್ನುತ್ತಾರೆ. ಅಂಗಡಿಯ ಆಯ್ಕೆ ತಪ್ಪಾಯಿತೆಂದು ಅವರು ತಿಳಿಯುತ್ತಾರೆ. ಬಹುಮಟ್ಟಿಗೆ ತಪ್ಪಿದ್ದು ಹೊತ್ತು ಮತ್ತು ಕೆಲಸದ ಕ್ರಮ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ‘ಎಲ್ಲಿ’ ಎಂಬ ಪ್ರಶ್ನೆ ಎರಡನೆಯ ಹಂತದಲ್ಲಿ ಬರುತ್ತದೆ, ‘ಯಾವಾಗ’ ಎಂಬುದು ಮೊದಲು ಬರುತ್ತದೆ.

## ಹೊರಡುವ ಮುನ್ನ ಜೊತೆಗಿರಬೇಕಾದವು

20, 50 ಮತ್ತು 100 ಪೆಸೊಗಳ ನೋಟುಗಳು ಹಾಗೂ ಒಂದಷ್ಟು ನಾಣ್ಯಗಳು ಬೇಕೇ ಬೇಕು. ಎಟಿಎಂನಿಂದ ಬರುವ 1000 ಪೆಸೊ ನೋಟನ್ನು ಬೆಳಿಗ್ಗೆಯೇ ಬೀದಿ ಅಂಗಡಿಯಲ್ಲಿ ಚಾಚಿದರೆ ಚಿಲ್ಲರೆ ಸಿಗುವುದಿಲ್ಲ. ಮೊದಲು ಯಾವುದಾದರೂ ಸೂಪರ್ ಮಾರ್ಕೆಟ್‌ನಲ್ಲಿ ನೀರಿನ ಬಾಟಲಿ ಕೊಂಡು ಅದನ್ನು ಮುರಿಸಿಕೊಳ್ಳಿ. ಊರಿನವರು ಜಿಕ್ಯಾಶ್ ಎಂಬ ಮೊಬೈಲ್ ಪಾವತಿಯನ್ನು ಧಾರಾಳವಾಗಿ ಬಳಸುತ್ತಾರಾದರೂ, ನಾಲ್ಕು ದಿನಕ್ಕೆ ಬಂದವರು ಅದನ್ನು ನಂಬಿಕೊಂಡು ಹೊರಡಬಾರದು.

ಕೈ ಒರೆಸುವ ಕಾಗದ, ಸ್ಯಾನಿಟೈಸರ್, ಮುಚ್ಚಿದ ಬಾಟಲಿಯ ನೀರು, ಮಳೆಗಾಲವಾದರೆ ಕೊಡೆ, ಇಷ್ಟು ಸಾಕು. ಕರಿಂದೆರಿಯಾಗಳಲ್ಲಿ, ಎಂದರೆ ಮನೆಯಡುಗೆಯ ರೀತಿಯಲ್ಲಿ ಮಾಡಿ ಮಾರುವ ಸಣ್ಣ ಊಟದಂಗಡಿಗಳಲ್ಲಿ, ಕೈ ತೊಳೆಯುವ ನಲ್ಲಿ ಇದ್ದೇ ಇರುತ್ತದೆ ಎಂದು ಹೇಳಲಾಗದು.

## ಹಂತ 1: ಮೊದಲು ಹೊತ್ತನ್ನು ಗೊತ್ತುಮಾಡಿ

ಮನಿಲಾದ ಮಧ್ಯಾಹ್ನದ ಊಟ ನಮ್ಮಲ್ಲಿಗಿಂತ ಬೇಗ. ಹನ್ನೆರಡಕ್ಕೆ ಕಚೇರಿಗಳೆಲ್ಲ ಒಮ್ಮೆಲೇ ಬೀದಿಗಿಳಿಯುತ್ತವೆ. ಕರಿಂದೆರಿಯಾದವರು ಬೆಳಗಿನ ಜಾವವೇ ಅಡುಗೆ ಶುರುಮಾಡಿ ಹತ್ತೂವರೆಗೆಲ್ಲ ಪಾತ್ರೆಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಸಾಮಾನ್ಯವಾಗಿ ಒಂದು ಪದಾರ್ಥವನ್ನು ದಿನಕ್ಕೆ ಒಂದೇ ಸಲ ಮಾಡುತ್ತಾರೆ, ಮುಗಿದರೆ ಮುಗಿಯಿತು. ಹನ್ನೊಂದರಿಂದ ಹನ್ನೊಂದೂಮುಕ್ಕಾಲರ ನಡುವೆ ಹೋದವರಿಗೆ ಆಯ್ಕೆ, ಬಿಸಿ, ಕೂರಲು ಜಾಗ ಮೂರೂ ಸಿಗುತ್ತವೆ. ಒಂದೂವರೆಯ ಮೇಲೆ ಹೋದವರಿಗೆ ಮೂರರಲ್ಲಿ ಜಾಗವೊಂದೇ ಸಿಗುತ್ತದೆ.

ಬೆಳಗಿನ ಹೊತ್ತು, ಆರರಿಂದ ಒಂಬತ್ತರವರೆಗೆ, ‘ಸಿಲೊಗ್’ ಎಂಬ ತಟ್ಟೆಗೆ ಸೇರಿದ್ದು. ಬೆಳ್ಳುಳ್ಳಿ ಹಾಕಿ ಹುರಿದ ಅನ್ನ, ಒಂದು ಮೊಟ್ಟೆ, ಜೊತೆಗೆ ಒಂದು ಮಾಂಸ ಅಥವಾ ಮೀನು: ತಾಪ್ಸಿಲೊಗ್ ಎಂದರೆ ಉಪ್ಪು-ಮಸಾಲೆಯಲ್ಲಿ ನೆನೆಸಿದ ದನದ ಮಾಂಸದ್ದು, ಲೊಂಗ್ಸಿಲೊಗ್ ಎಂದರೆ ಸಾಸೇಜಿನದು, ಬಾಂಗ್ಸಿಲೊಗ್ ಎಂದರೆ ಬಾಂಗುಸ್ ಮೀನಿನದು. ಇದೇ ಹೊತ್ತಿನಲ್ಲಿ ಹೆಗಲ ಮೇಲಿನ ಕೋಲಿಗೆ ಎರಡು ತಗಡಿನ ಡಬ್ಬಗಳನ್ನು ತೂಗುಹಾಕಿಕೊಂಡು ‘ತಾಹೋ’ ಎಂದು ಉದ್ದಕ್ಕೆ ಕೂಗುತ್ತ ಒಬ್ಬ ಹಾದುಹೋಗುತ್ತಾನೆ. ಒಂದು ಡಬ್ಬದಲ್ಲಿ ಬಿಸಿ ಬಿಸಿ ಮೆತ್ತನೆಯ ಸೋಯಾ ಗಿಣ್ಣು, ಇನ್ನೊಂದರಲ್ಲಿ ಕಂದು ಸಕ್ಕರೆಯ ಪಾಕ ಮತ್ತು ಸಬ್ಬಕ್ಕಿಯಂಥ ಮಣಿಗಳು. ಚಪ್ಪಟೆ ಸೌಟಿನಿಂದ ಗಿಣ್ಣನ್ನು ಪದರು ಪದರಾಗಿ ಕೆರೆದು ಲೋಟಕ್ಕೆ ಹಾಕಿ, ಮೇಲೆ ಪಾಕ ಸುರಿದು ಕೊಡುತ್ತಾನೆ. ಶುದ್ಧ ಸಸ್ಯಾಹಾರಿಗಳು ಯಾವ ಪ್ರಶ್ನೆಯನ್ನೂ ಕೇಳದೆ ತಿನ್ನಬಹುದಾದ, ಈ ಊರಿನ ಕೆಲವೇ ಪದಾರ್ಥಗಳಲ್ಲಿ ಇದೂ ಒಂದು. ಒಂಬತ್ತರ ನಂತರ ಆತನನ್ನು ಹುಡುಕಿ ಹೊರಡಬೇಡಿ.

ಮೂರರಿಂದ ಐದರವರೆಗೆ ಮೆರಿಯೆಂಡಾ, ಎಂದರೆ ಸಂಜೆ ತಿಂಡಿ. ಸಕ್ಕರೆ ಹಾಕಿ ಎಣ್ಣೆಯಲ್ಲಿ ಕರಿದು ಕಡ್ಡಿಗೆ ಚುಚ್ಚಿದ ಬಾಳೆಹಣ್ಣು, ಬಾಳೆಹಣ್ಣನ್ನೇ ಹಿಟ್ಟಿನ ತೆಳು ಹಾಳೆಯಲ್ಲಿ ಸುತ್ತಿ ಕರಿದ ತುರೊನ್, ಶಾವಿಗೆಯಂಥ ಪನ್ಸಿತ್ ಆಗ ಸಿಗುತ್ತವೆ. ಐದರ ಮೇಲೆ ಕೆಂಡದ ಒಲೆಗಳು ಹೊತ್ತಿಕೊಳ್ಳುತ್ತವೆ. ರಾತ್ರಿಯೂಟ ಆರೂವರೆ, ಏಳಕ್ಕೆಲ್ಲ ಆಗಿಬಿಡುತ್ತದೆ. ಒಂಬತ್ತೂವರೆಗೆ ಹಸಿಯುವವರಿಗೆ ಗಂಜಿಯ ಅಂಗಡಿಗಳೇ ಗತಿ. ಅವುಗಳಲ್ಲಿ ಹಲವು ರಾತ್ರಿಯಿಡೀ ತೆರೆದಿರುತ್ತವೆ, ಆ ಗಂಜಿಗೆ ಲುಗಾವ್ ಎಂದು ಹೆಸರು.

ಈಸ್ಟರ್‌ಗೆ ಮುಂಚಿನ ಪವಿತ್ರ ಗುರುವಾರ ಮತ್ತು ಶುಭ ಶುಕ್ರವಾರದಂದು ಊರೇ ಬಾಗಿಲು ಹಾಕಿಕೊಂಡಂತೆ ಇರುತ್ತದೆ. ಆ ಎರಡು ದಿನಗಳಿಗೆ ಈ ಯೋಜನೆ ಇಟ್ಟುಕೊಳ್ಳಬೇಡಿ.

## ಹಂತ 2: ಒಂದು ಹೊತ್ತಿಗೆ ಒಂದೇ ಬಡಾವಣೆ

ನಾವು ಮನಿಲಾ ಎಂದು ಕರೆಯುವುದು 16 ನಗರಗಳು ಮತ್ತು ಪಾತೆರೊಸ್ ಎಂಬ ಒಂದು ಪುರಸಭೆ ಕೂಡಿದ ಮಹಾನಗರ. ಬೆಳಿಗ್ಗೆ ಬಿನೊಂದೊ, ಮಧ್ಯಾಹ್ನ ಕೆಸೋನ್ ಸಿಟಿ, ಸಂಜೆ ಪಾಸಾಯ್ ಎಂದು ಪಟ್ಟಿ ಮಾಡಿಕೊಂಡವರು ದಿನವನ್ನು ಟ್ರಾಫಿಕ್‌ನಲ್ಲಿ ಕಳೆಯುತ್ತಾರೆ. ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ವಾರದ ದಿನದ ಮಧ್ಯಾಹ್ನಕ್ಕೆ ಮಕಾತಿ. ಗಗನಚುಂಬಿ ಕಟ್ಟಡಗಳ ನಡುವಿನ ಲೆಗಾಸ್ಪಿ ಮತ್ತು ಸಾಲ್ಸೆದೊ ಬಡಾವಣೆಗಳ ಕಾಲುದಾರಿಗಳಲ್ಲಿ ತಗಡಿನ ಗೂಡಂಗಡಿಗಳಿವೆ. ಊರಿನವರು ಇವನ್ನು ಜಾಲಿಜೀಪ್ ಎನ್ನುತ್ತಾರೆ. ಬ್ಯಾಂಕಿನ ಗುಮಾಸ್ತರೂ ಕಾವಲುಗಾರರೂ ಒಂದೇ ಸಾಲಿನಲ್ಲಿ ನಿಂತು ಇಲ್ಲಿ ಅನ್ನ, ಪದಾರ್ಥ ಕೊಳ್ಳುತ್ತಾರೆ. ಹೊಸಬರಿಗೆ ನಾನು ಮೊದಲು ಹೇಳುವ ಜಾಗ ಇದೇ, ಏಕೆಂದರೆ ಸಾಮಾನು ಬೇಗ ಖರ್ಚಾಗುತ್ತದೆ, ಇಂಗ್ಲಿಷ್ ನಡೆಯುತ್ತದೆ, ರಸ್ತೆಗಳು ನೇರವಾಗಿವೆ. ಎಂಆರ್‌ಟಿ-3ರ ಆಯಾಲಾ ರೈಲು ನಿಲ್ದಾಣದಲ್ಲಿ ಇಳಿದು ನಡೆಯಬಹುದು. ಕಚೇರಿಗಳಿಗೆ ರಜೆ ಇದ್ದ ದಿನ ಇವೂ ಮುಚ್ಚಿರುತ್ತವೆ. ಶನಿವಾರವಾದರೆ ಹೈಮೆ ವೆಲಾಸ್ಕೆಸ್ ಉದ್ಯಾನದ ಸಾಲ್ಸೆದೊ ಸಂತೆಗೂ, ಭಾನುವಾರವಾದರೆ ಲೆಗಾಸ್ಪಿ ಸಂತೆಗೂ ಹೋಗಿ. ಎರಡೂ ಬೆಳಿಗ್ಗೆ ಶುರುವಾಗಿ ಮಧ್ಯಾಹ್ನ ಎರಡರ ಸುಮಾರಿಗೆ ಎತ್ತುತ್ತವೆ. ಬೇರೆ ಬೇರೆ ಪ್ರಾಂತ್ಯಗಳ ಅಡುಗೆ ಒಂದೇ ಕಡೆ ಸಿಗುತ್ತದಾದರೂ ಬೆಲೆ ಕರಿಂದೆರಿಯಾಕ್ಕಿಂತ ಎಷ್ಟೋ ಹೆಚ್ಚು.

ಬೆಳಗಿನ ನಡಿಗೆಗೆ ಬಿನೊಂದೊ ಮತ್ತು ಕಿಯಾಪೊ. ಎಲ್‌ಆರ್‌ಟಿ-1ರ ಕಾರ್ಯೆದೊ ರೈಲು ನಿಲ್ದಾಣದಿಂದ ಎರಡೂ ಹತ್ತಿರ. ಬಿನೊಂದೊದ ಓಂಗ್ಪಿನ್ ರಸ್ತೆಯಲ್ಲಿ ಚೀನೀ-ಫಿಲಿಪಿನೊ ತಿಂಡಿಗಳು, ಕಿಯಾಪೊದಲ್ಲಿ ಬೀದಿ ತಿಂಡಿಗಳು ಸಿಗುತ್ತವೆ. ಕಿಯಾಪೊದ ಗೋಲ್ಡನ್ ಮಸೀದಿಯ ಸುತ್ತ ಮುಸ್ಲಿಮರ ಊಟದಂಗಡಿಗಳಿರುವುದರಿಂದ ಹಲಾಲ್ ಬೇಕಾದವರು ಮಹಾನಗರವೆಲ್ಲ ಅಲೆಯದೆ ನೇರ ಅಲ್ಲಿಗೇ ಹೋಗಬಹುದು. ಮಿಂದನಾವೊ ದ್ವೀಪದ ಮರನಾವ್ ಜನರ ಖಾರದ ಅಡುಗೆ ಅಲ್ಲಿದೆ, ನಮ್ಮ ನಾಲಿಗೆಗೆ ಅದು ಬೇಗ ಒಗ್ಗುತ್ತದೆ. ಶುಕ್ರವಾರ ಕಿಯಾಪೊ ಚರ್ಚಿಗೆ ಭಕ್ತರು ಕಿಕ್ಕಿರಿಯುತ್ತಾರೆ. ಜನವರಿ 9ರ ನಜರೇನೊ ಉತ್ಸವದ ದಿನವಂತೂ ಊಟದ ನೆಪದಲ್ಲಿ ಆ ಕಡೆ ಸುಳಿಯಲೇಬಾರದು.

ಸಂಜೆಗೆ ಕೆಸೋನ್ ಸಿಟಿ. ದಿಲಿಮಾನ್‌ನ ಫಿಲಿಪೀನ್ಸ್ ವಿಶ್ವವಿದ್ಯಾಲಯದ ಆವರಣ ಮತ್ತು ಅದಕ್ಕೆ ಸಮೀಪದ ಮಗಿನ್ಹಾವಾ ರಸ್ತೆ ವಿದ್ಯಾರ್ಥಿಗಳ ಜೇಬಿಗೆ ಹೊಂದುವ ಜಾಗಗಳು. ವೈದ್ಯಕೀಯ ಓದಲು ಬಂದ ಕನ್ನಡದ ಹುಡುಗರ ಪರಿಚಯವಿದ್ದರೆ ಅವರ ಕಾಲೇಜಿನ ಬದಿಯ ಬೀದಿಗೇ ಹೋಗಿ. ಯಾವ ಅಂಗಡಿಯಲ್ಲಿ ಏನು ಹಾಕುತ್ತಾರೆ ಎಂಬುದನ್ನು ಹೊಟ್ಟೆ ಕೆಡಿಸಿಕೊಂಡೇ ಕಲಿತ ಅವರು ನಮಗಿಂತ ಚೆನ್ನಾಗಿ ಬಲ್ಲರು.

ಮಾಲ್‌ಗಳ ಫುಡ್ ಕೋರ್ಟ್ ಕೀಳೇನಲ್ಲ. ಮೊದಲ ದಿನ ಅಲ್ಲಿ ಹೆಸರು ಬರೆದ ತಟ್ಟೆಗಳನ್ನು ನೋಡಿಕೊಂಡರೆ ಮರುದಿನ ಬೀದಿಯಲ್ಲಿ ಗುರುತು ಹಿಡಿಯುವುದು ಸುಲಭ.

## ಹಂತ 3: ಅಂಗಡಿಯ ಮುಂದೆ ಎರಡು ನಿಮಿಷ ನಿಂತು ನೋಡಿ

ಕೂರುವ ಮುನ್ನ ನೋಡಬೇಕಾದದ್ದು ಜನರ ಸಂಖ್ಯೆಯನ್ನಲ್ಲ, ಜನ ಯಾರೆಂಬುದನ್ನು. ಕೊರಳಲ್ಲಿ ಗುರುತಿನ ಚೀಟಿ ತೂಗುಹಾಕಿದ ನೌಕರರು, ಟ್ರೈಸಿಕಲ್ (ಪಕ್ಕಗಾಡಿ ಕಟ್ಟಿದ ಬೈಕ್) ಚಾಲಕರು ಉಣ್ಣುತ್ತಿದ್ದರೆ ಅವರು ನಿನ್ನೆಯೂ ಅಲ್ಲೇ ಉಂಡವರು, ನಾಳೆಯೂ ಬರುವವರು. ಅಂಥವರ ಹೊಟ್ಟೆ ಕೆಡಿಸಿ ಅಂಗಡಿ ಉಳಿಯದು.

ಪಾತ್ರೆಗಳಿಗೆ ಮುಚ್ಚಳವಿದೆಯೇ, ಅಥವಾ ಗಾಜಿನ ಪೆಟ್ಟಿಗೆಯಿದೆಯೇ? ಬಡಿಸುವವರೂ ಹಣ ಮುಟ್ಟುವವರೂ ಬೇರೆ ಬೇರೆಯೇ? ತಟ್ಟೆಗೆ ಪ್ಲಾಸ್ಟಿಕ್ ಚೀಲ ತೊಡಿಸಿ ಅದರ ಮೇಲೆ ಅನ್ನ ಬಡಿಸುವುದನ್ನು ಕಂಡರೆ ಮುಖ ಸಿಂಡರಿಸಬೇಡಿ. ನೀರು ಕಡಿಮೆ ಇರುವಲ್ಲಿ ತೊಳೆಯುವ ತೊಂದರೆ ತಪ್ಪಿಸಲು ಹಾಗೆ ಮಾಡುತ್ತಾರೆ, ಕೆಸರು ನೀರಿನ ಬಕೆಟ್ಟಿನಲ್ಲಿ ಅದ್ದಿ ತೆಗೆದ ತಟ್ಟೆಗಿಂತ ಅದೇ ಮೇಲು.

ಎದ್ದು ಬರಬೇಕಾದ ಸೂಚನೆಗಳೂ ಇವೆ. ಕೊಬ್ಬು ಬಿಳಿಯಾಗಿ ಹೆಪ್ಪುಗಟ್ಟಿ ಮೇಲೆ ನಿಂತಿದ್ದರೆ ಪದಾರ್ಥ ಗಂಟೆಗಟ್ಟಲೆ ಹಾಗೇ ಇದೆ ಎಂದರ್ಥ. ತೆಂಗಿನ ಹಾಲು ಹಾಕಿದ ಪದಾರ್ಥಗಳು, ‘ಗಿನತಾನ್’ ಎಂಬ ಹೆಸರಿನವೆಲ್ಲ, ಸೆಕೆಯಲ್ಲಿ ಬೇಗ ಹಳಸುತ್ತವೆ. ವಿನೆಗರ್ ಹಾಕಿ ಬೇಯಿಸಿದ ಅದೋಬೊ ಮತ್ತು ಪಾಕ್ಸಿವ್ ಹೆಚ್ಚು ಹೊತ್ತು ತಾಳುತ್ತವೆ. ತಡವಾಗಿ ಹೋಗಲೇಬೇಕಾಯಿತು ಎಂದರೆ ಹುಳಿಯ ಕಡೆಗೆ ಕೈತೋರಿಸಿ, ಹಾಲಿನ ಕಡೆಗೆ ಬೇಡ. ಜೂನ್‌ನಿಂದ ನವೆಂಬರ್‌ವರೆಗಿನ ಮಳೆಯಲ್ಲಿ ರಸ್ತೆಯ ನೀರು ಒಲೆಯ ಬುಡಕ್ಕೆ ಬಂದಿದ್ದರೆ ಯಾವ ಲೆಕ್ಕವೂ ಬೇಡ, ಮುಂದೆ ನಡೆಯಿರಿ.

## ಹಂತ 4: ನೋಡಿ, ಕೇಳಿ, ಬೆಲೆ ತಿಳಿದು, ಆಮೇಲೆ ಕೂರಿ

ಈ ಅಂಗಡಿಗಳಿಗೆ ತುರೋ-ತುರೋ ಎಂಬ ಇನ್ನೊಂದು ಹೆಸರಿದೆ. ತುರೋ ಎಂದರೆ ಬೆರಳು ಮಾಡಿ ತೋರಿಸುವುದು. ಕುರ್ಚಿ ಹಿಡಿದು ಕೂತು ಮೆನು ಬರಲೆಂದು ಕಾಯುವುದೇ ಹೊಸಬರ ದೊಡ್ಡ ತಪ್ಪು. ಮೆನು ಬರುವುದಿಲ್ಲ, ಯಾರೂ ಬರುವುದಿಲ್ಲ. ನೀವೇ ಪಾತ್ರೆಗಳ ಸಾಲಿಗೆ ಹೋಗಬೇಕು. ಮುಚ್ಚಳವನ್ನು ಗ್ರಾಹಕರೇ ಎತ್ತಿ ಇಣುಕುವುದು ಅಲ್ಲಿ ವಾಡಿಕೆ, ಆದರೆ ಸೌಟನ್ನು ಮುಟ್ಟುವುದು ವಾಡಿಕೆಯಲ್ಲ.

ಬಡಿಸುವ ಹೆಂಗಸನ್ನು ‘ಆತೆ’ ಎಂದೂ ಗಂಡಸನ್ನು ‘ಕುಯಾ’ ಎಂದೂ ಕರೆಯಿರಿ. ನಾವು ಖಾನಾವಳಿಯಲ್ಲಿ ಅಕ್ಕ, ಅಣ್ಣ ಎನ್ನುವ ಹಾಗೆಯೇ ಇದು. ಮಾತಿಗೆ ‘ಪೋ’ ಸೇರಿಸಿದರೆ ಬಹುವಚನದ ಗೌರವ ಕೊಟ್ಟಂತೆ. ಮೊದಲು ‘ಆನೊ ಪೋ ಇತೊ?’ ಎಂದು ಇದೇನೆಂದು ಕೇಳಿ, ನಂತರ ‘ಮಾಗ್ಕಾನೊ ಪೋ?’ ಎಂದು ಬೆಲೆ ಕೇಳಿ. ಅನ್ನಕ್ಕೆ ಕಾನಿನ್, ಅನ್ನದ ಜೊತೆಯ ಪದಾರ್ಥಕ್ಕೆ ಉಲಾಮ್ ಎನ್ನುತ್ತಾರೆ. ಎರಡಕ್ಕೂ ಬೆಲೆ ಬೇರೆ ಬೇರೆ. ಅನ್ನ ಬಟ್ಟಲೊಂದಕ್ಕೆ ಸುಮಾರು 10ರಿಂದ 20 ಪೆಸೊ, ಉಲಾಮ್ ಒಂದಕ್ಕೆ ಸುಮಾರು 50ರಿಂದ 100 ಪೆಸೊ ಎಂದು ಲೆಕ್ಕವಿಟ್ಟುಕೊಂಡರೆ ಸಾಕು. ಅರ್ಧ ಉಲಾಮ್ ಕೊಡುವ ಅಂಗಡಿಗಳೂ ಉಂಟು. ಇಬ್ಬರು ಹೋದರೆ ನಾಲ್ಕು ಅರ್ಧಗಳನ್ನು ಹಾಕಿಸಿಕೊಳ್ಳುವುದೇ ಜಾಣತನ.

ಮೊದಲ ಸಲಕ್ಕೆ ನನ್ನ ಸಲಹೆ ಸಿನಿಗಾಂಗ್. ಹುಣಸೆಯ ಹುಳಿಯಲ್ಲಿ ಮೀನು, ಸೀಗಡಿ ಅಥವಾ ಹಂದಿಮಾಂಸವನ್ನು ಮೂಲಂಗಿ, ಸೊಪ್ಪು, ಬದನೆಯ ಜೊತೆ ಬೇಯಿಸಿದ ತಿಳಿ ಸಾರು ಅದು. ಒಗ್ಗರಣೆಯೂ ಇಲ್ಲ, ಸಾರಿನ ಪುಡಿಯೂ ಇಲ್ಲ. ಆದರೂ ಅನ್ನಕ್ಕೆ ಕಲಸಿಕೊಂಡಾಗ ಕೈಗೆ ಗುರುತು ಸಿಗುತ್ತದೆ. ಕರೆ-ಕರೆ ಎಂಬ ಶೇಂಗಾ ಗೊಜ್ಜು ನೋಡಲು ನಮ್ಮದರಂತೆಯೇ ಇದ್ದರೂ ಅದರಲ್ಲಿ ಸಾಮಾನ್ಯವಾಗಿ ಎತ್ತಿನ ಬಾಲದ ಮಾಂಸವಿರುತ್ತದೆ. ಕಪ್ಪಗೆ ಮಿನುಗುವ ದಿನುಗುವಾನ್ ಹಂದಿಯ ರಕ್ತದಲ್ಲಿ ಬೇಯಿಸಿದ್ದು. ಇವನ್ನು ತಿನ್ನುವುದೂ ಬಿಡುವುದೂ ನಿಮ್ಮ ಇಚ್ಛೆ, ತಿಳಿಯದೆ ತಿನ್ನುವುದು ಮಾತ್ರ ಬೇಡ.

## ಹಂತ 5: ‘ಸಾಹೊಗ್’ ಇದೆಯೇ ಎಂದು ಕೇಳಿ

ಸಸ್ಯಾಹಾರಿಗಳೂ, ದನದ ಅಥವಾ ಹಂದಿಯ ಮಾಂಸ ಬಿಟ್ಟವರೂ ಎಡವುವುದು ಇಲ್ಲಿಯೇ. ನಾನೂ ಎಡವಿದ್ದೇನೆ. ಒಂದು ಶುಕ್ರವಾರ ಅಂಗಡಿಯೊಂದರಲ್ಲಿ ಮುಚ್ಚಳ ಎತ್ತಿದಾಗ ಕಂಡದ್ದು ಸಾಕ್ಷಾತ್ ಹೆಸರುಕಾಳಿನ ಸಾರು. ಮೇಲೆ ಹಸಿರು ಸೊಪ್ಪು ತೇಲುತ್ತಿತ್ತು, ಬೆಳ್ಳುಳ್ಳಿಯ ವಾಸನೆ ಬರುತ್ತಿತ್ತು. ‘ವೆಜಿಟಬಲ್?’ ಎಂದೆ. ‘ಯೆಸ್, ವೆಜಿಟಬಲ್’ ಎಂದಳು ಆತೆ. ಎರಡನೆಯ ತುತ್ತಿನಲ್ಲಿ ಹಂದಿಕೊಬ್ಬಿನ ತುಂಡು ಹಲ್ಲಿಗೆ ಸಿಕ್ಕಿತು. ಆಕೆ ಸುಳ್ಳು ಹೇಳಿರಲಿಲ್ಲ. ಗಿನಿಸಾಂಗ್ ಮೊಂಗ್ಗೊ ಎಂಬ ಆ ಪದಾರ್ಥವನ್ನು ಅಲ್ಲಿ ತರಕಾರಿಯ ಅಡುಗೆಯೆಂದೇ ಎಣಿಸುತ್ತಾರೆ, ಏಕೆಂದರೆ ಅದರಲ್ಲಿ ಮಾಂಸ ಮುಖ್ಯವಲ್ಲ, ರುಚಿಗೆ ಬಿದ್ದಿರುವುದಷ್ಟೇ. ಹೀಗೆ ರುಚಿಗೆಂದು ಬೀಳುವ ಮಾಂಸ, ಸೀಗಡಿ, ಒಣಮೀನಿನ ಚೂರುಗಳಿಗೆ ಸಾಹೊಗ್ ಎಂದು ಹೆಸರು.

ಆದ್ದರಿಂದ ‘ತರಕಾರಿಯೇ?’ ಎಂದು ಕೇಳುವುದನ್ನು ಬಿಟ್ಟು, ‘ಮಾಯ್ ಸಾಹೊಗ್ ಪೋ ಬಾ ಇತೊ?’ ಎಂದು ಕೇಳಿ. ಇದರಲ್ಲಿ ಸಾಹೊಗ್ ಇದೆಯೇ ಎಂದರ್ಥ. ಸಾಹೊಗ್ ಎಂಬುದರ ಜಾಗದಲ್ಲಿ ಬಾಬೊಯ್ ಎಂದರೆ ಹಂದಿ, ಬಾಕಾ ಎಂದರೆ ದನ, ಮಾನೊಕ್ ಎಂದರೆ ಕೋಳಿ, ಇಸ್ದಾ ಎಂದರೆ ಮೀನು, ಹಿಪೊನ್ ಎಂದರೆ ಸೀಗಡಿ. ಇಷ್ಟಕ್ಕೇ ಮುಗಿಯುವುದಿಲ್ಲ. ಪತಿಸ್ ಎಂಬ ಮೀನಿನ ರಸವನ್ನೂ ಬಗೊಒಂಗ್ ಎಂಬ ಹುದುಗಿದ ಸೀಗಡಿಯ ಅಥವಾ ಮೀನಿನ ಗೊಜ್ಜನ್ನೂ ಉಪ್ಪಿನ ಜಾಗದಲ್ಲಿ ಹಾಕುವುದರಿಂದ ಅವು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅವನ್ನು ಹೆಸರು ಹಿಡಿದೇ ಕೇಳಬೇಕು. ಬದನೆ, ಬೆಂಡೆ, ಹಾಗಲ, ಕುಂಬಳ ಎಲ್ಲ ಇರುವ ಪಿನಕ್ಬೆತ್ ಕಂಡು ಹಿಗ್ಗಬೇಡಿ, ಬಗೊಒಂಗ್ ಇಲ್ಲದೆ ಅದು ಪಿನಕ್ಬೆತ್ ಆಗುವುದೇ ಇಲ್ಲ.

ಮೊಟ್ಟೆ ತಿನ್ನುವವರಿಗೆ ಸುಟ್ಟ ಬದನೆಯನ್ನು ಮೊಟ್ಟೆಯಲ್ಲಿ ಅದ್ದಿ ಬಾಡಿಸಿದ ತೊರ್ತಾಂಗ್ ತಾಲೊಂಗ್ ಒಳ್ಳೆಯ ಆಸರೆ, ಕೊಚ್ಚಿದ ಮಾಂಸ ಸೇರಿಸಿಲ್ಲವೆಂದು ಖಾತ್ರಿ ಮಾಡಿಕೊಂಡರೆ ಸಾಕು. ಮೊಟ್ಟೆಯೂ ಬೇಡವೆಂಬವರು ಊಟವನ್ನು ಬಿಟ್ಟು ತಿಂಡಿಯ ಕಡೆ ತಿರುಗುವುದೇ ಲೇಸು: ತಾಹೋ, ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯ ಸುಮಾನ್, ಕರಿದ ಬಾಳೆಹಣ್ಣು. ಇಡ್ಲಿಯ ದಾಯಾದಿಯಂತೆ ಕಾಣುವ ಪುತೋ ಸಿಹಿಯಾಗಿರುತ್ತದೆ, ಕೆಲವರು ಅದಕ್ಕೆ ಮೊಟ್ಟೆ ಹಾಕುತ್ತಾರೆ. ಬಿನೊಂದೊದ ಹೋಪಿಯಾ ಎಂಬ ಪದರು ತಿಂಡಿಯೊಳಗೆ ಹೆಸರುಬೇಳೆಯ ಹೂರಣವಿದ್ದರೂ ಹೊರಗಿನ ಪದರಕ್ಕೆ ಹಂದಿಕೊಬ್ಬು ಬಳಸುವ ಪದ್ಧತಿ ಹಳೆಯದು, ಕೇಳದೆ ಕೊಳ್ಳಬೇಡಿ.

## ಹಂತ 6: ತಟ್ಟೆ, ಚಮಚ, ನೆಂಜಿಕೊಳ್ಳುವುದು

ಬಲಗೈಯಲ್ಲಿ ಚಮಚ, ಎಡಗೈಯಲ್ಲಿ ಫೋರ್ಕ್, ಚಾಕು ಇರುವುದಿಲ್ಲ. ಕೈಯಲ್ಲಿ ಉಂಡರೂ ಯಾರೂ ತಪ್ಪು ತಿಳಿಯುವುದಿಲ್ಲ, ಅದಕ್ಕೆ ಅವರ ಭಾಷೆಯಲ್ಲಿ ಕಮಾಯಾನ್ ಎಂಬ ಹೆಸರೇ ಇದೆ.

ಊಟ ಸಪ್ಪೆಯೆನ್ನುವವರು ಸಾವ್ಸಾವಾನ್ ಮಾಡಿಕೊಳ್ಳದೆ ಉಂಡವರು. ಮೇಜಿನ ಮೇಲೆ ಸೋಯಾ ರಸ, ವಿನೆಗರ್, ಗಜ್ಜುಗದಷ್ಟು ಸಣ್ಣ ಕಲಮಾನ್ಸಿ ನಿಂಬೆ, ಸೂಜಿಮೆಣಸಿನಂಥ ಸಿಲಿ ಇರುತ್ತವೆ. ಇವನ್ನು ಪುಟ್ಟ ಬಟ್ಟಲಿನಲ್ಲಿ ನಿಮಗೆ ಬೇಕಾದಷ್ಟು ಬೆರೆಸಿಕೊಂಡು ಪ್ರತಿ ತುತ್ತಿಗೂ ಅದ್ದಿಕೊಳ್ಳಬೇಕು. ಅಡುಗೆಯವರು ಖಾರವನ್ನೂ ಹುಳಿಯನ್ನೂ ಉಣ್ಣುವವರಿಗೇ ಬಿಟ್ಟಿರುತ್ತಾರೆ. ‘ಪಹಿಂಗಿ ಪೋ ನಾಂಗ್ ಸಬಾವ್’ ಎಂದರೆ ಹಲವು ಅಂಗಡಿಗಳಲ್ಲಿ ಒಂದು ಬಟ್ಟಲು ತಿಳಿ ಸಾರು ಬಿಟ್ಟಿಯಾಗಿ ಬರುತ್ತದೆ. ಅದು ಮಾಂಸ ಬೆಂದ ನೀರು ಎಂಬುದು ಸಸ್ಯಾಹಾರಿಗಳ ನೆನಪಿನಲ್ಲಿರಲಿ. ಪಾನೀಯದಲ್ಲಿ ನಡುವೆ ತೂತಿರುವ ಕೊಳವೆಯಾಕಾರದ ಮಂಜುಗಡ್ಡೆ ಇದ್ದರೆ ಅದು ಕಾರ್ಖಾನೆಯದು. ಬಡಿದು ಪುಡಿಮಾಡಿದ ಗಡ್ಡೆ ಎಲ್ಲಿಯದೆಂದು ಹೇಳಬರುವುದಿಲ್ಲ.

ಫುಡ್ ಕೋರ್ಟ್‌ಗಳಲ್ಲಿ ‘ಕ್ಲೇಗೊ’ ಎಂಬ ಫಲಕ ಕಂಡರೆ ಉಂಡ ತಟ್ಟೆಯನ್ನು ನೀವೇ ಎತ್ತಿ ಇಡಬೇಕೆಂದರ್ಥ.

## ಹಂತ 7: ಕಡ್ಡಿಗೆ ಚುಚ್ಚಿದ ತಿಂಡಿಗಳು

ಮೀನಿನುಂಡೆ, ಕಿತ್ತಳೆ ಬಣ್ಣದ ಹಿಟ್ಟಿನಲ್ಲಿ ಕರಿದ ಕೌಜುಗನ ಮೊಟ್ಟೆಯ ಕ್ವೆಕ್-ಕ್ವೆಕ್ ಮೊದಲಾದವನ್ನು ತಳ್ಳುಗಾಡಿಯ ಬಾಣಲೆಯ ಸುತ್ತ ನಿಂತೇ ತಿನ್ನುತ್ತಾರೆ. ನಿಮ್ಮೆದುರಿಗೆ ಎಣ್ಣೆಗೆ ಬಿದ್ದದ್ದನ್ನು ಮಾತ್ರ ತೆಗೆದುಕೊಳ್ಳಿ. ಸಾಸಿನ ಜಾಡಿ ಎಲ್ಲರಿಗೂ ಒಂದೇ. ಕಚ್ಚಿದ ಕಡ್ಡಿಯನ್ನು ಮತ್ತೆ ಅದ್ದಬಾರದು, ಮತ್ತೊಬ್ಬರು ಅದ್ದಿರಲಾರರೆಂಬ ಭರವಸೆಯೂ ಬೇಡ. ಕಾಗದದ ಲೋಟ ಕೇಳಿ, ಸಾಸನ್ನು ಸೌಟಿನಿಂದ ಅದರೊಳಗೆ ಹಾಕಿಸಿಕೊಳ್ಳಿ. ಕೆಂಡದ ಮೇಲೆ ಸುಡುವ ಇಸಾವ್ ಕೋಳಿಯ ಅಥವಾ ಹಂದಿಯ ಕರುಳು, ಅದಿದಾಸ್ ಎಂದರೆ ಕೋಳಿಕಾಲು, ಬೆಟಮ್ಯಾಕ್ಸ್ ಎಂದರೆ ಹೆಪ್ಪುಗಟ್ಟಿಸಿದ ರಕ್ತದ ಚೌಕಗಳು. ಒಳಗೆ ಮೆತ್ತಗೆ ಗುಲಾಬಿ ಬಣ್ಣ ಉಳಿದಿದ್ದರೆ ಮತ್ತೆ ಸುಡಲು ಹೇಳಿ.

ಬಲುತ್ ಎಂಬ ಭ್ರೂಣ ಬೆಳೆದ ಬಾತುಮೊಟ್ಟೆಯನ್ನು ಪಂದ್ಯ ಕಟ್ಟಿ ತಿನ್ನುವ ಪ್ರವಾಸಿಗರಿದ್ದಾರೆ. ಅದು ಅಲ್ಲಿ ರಾತ್ರಿಯ ಮಾಮೂಲು ತಿಂಡಿ, ಪ್ರದರ್ಶನವಲ್ಲ. ತಿನ್ನಲು ಮನಸ್ಸಿಲ್ಲದಿದ್ದರೆ ಸುಮ್ಮನೆ ಮುಂದೆ ಹೋಗಿ.

## ಹಂತ 8: ಮೀನು ಕೊಂಡು ಅಡುಗೆ ಮಾಡಿಸುವ ದಾಂಪಾ

ಇದನ್ನು ಕೊನೆಗೆ ಇಟ್ಟುಕೊಳ್ಳಿ, ಏಕೆಂದರೆ ಹಣ ಕಳೆದುಕೊಳ್ಳುವುದು ಇಲ್ಲಿಯೇ. ಪಾಸಾಯ್‌ನ ಮಕಪಗಾಲ್ ಹೆದ್ದಾರಿಯ ಬದಿಯ ದಾಂಪಾದಲ್ಲಿ ಮಾರುಕಟ್ಟೆಯಿಂದ ಮೀನು, ಏಡಿ, ಸೀಗಡಿ ಕೊಂಡು, ಪಕ್ಕದ ಹೋಟೆಲಿಗೆ ಒಯ್ದು, ಬೇಕಾದಂತೆ ಮಾಡಿಸಿ ಉಣ್ಣಬಹುದು. ಹೀಗೆ ಮಾಡಿಸುವುದಕ್ಕೆ ಪಲುತೋ ಎನ್ನುತ್ತಾರೆ.

ಇಲ್ಲಿ ಹೋಟೆಲು ಮೊದಲು, ಮೀನು ಆಮೇಲೆ. ಅಡುಗೆಯ ಕೂಲಿ ಕಿಲೋಗೆ ಇಷ್ಟೆಂದು ಇರುತ್ತದೆ. ಯಾವ ಬಗೆಗೆ ಎಷ್ಟು, ಕನಿಷ್ಠ ಎಷ್ಟು ತೂಕಕ್ಕೆ ಹಿಡಿಯುತ್ತಾರೆ, ಸೇವಾ ಶುಲ್ಕ ಬೇರೆಯೇ ಎಂಬುದನ್ನು ಬರಹದಲ್ಲಿರುವ ದರಪಟ್ಟಿಯಲ್ಲಿ ನೋಡಿಕೊಂಡು, ಅದರ ಫೋಟೊ ತೆಗೆದುಕೊಂಡು, ಆಮೇಲೆ ಮಾರುಕಟ್ಟೆಗೆ ಹೋಗಿ. ಟ್ಯಾಕ್ಸಿ ಇಳಿಯುತ್ತಲೇ ಜೊತೆಗೂಡಿ ‘ನಮ್ಮ ಅಂಗಡಿಗೆ ಬನ್ನಿ’ ಎನ್ನುವವರ ಹಿಂದೆ ಹೋದರೆ ಅವರ ಕಮಿಷನ್ನೂ ನಿಮ್ಮ ಮೀನಿನ ಬೆಲೆಯಲ್ಲಿ ಸೇರುತ್ತದೆ. ತಕ್ಕಡಿಯ ಮುಳ್ಳು ಸೊನ್ನೆಯಲ್ಲಿದೆಯೇ ನೋಡಿ, ಚೀಲದಲ್ಲಿನ ನೀರು ಚೆಲ್ಲಿಸಿ ತೂಗಿಸಿ. ಅನುಮಾನ ಬಂದರೆ ‘ತಿಂಬಾಂಗಾನ್ ನಾಂಗ್ ಬಾಯಾನ್’ ಎಂಬ ಸಾರ್ವಜನಿಕ ತಕ್ಕಡಿ ಎಲ್ಲಿದೆಯೆಂದು ಕೇಳಿ. ಆ ಹೆಸರನ್ನು ಉಚ್ಚರಿಸಿದರೂ ಸಾಕು, ಎಷ್ಟೋ ಸಲ ತೂಕ ತಾನಾಗಿಯೇ ಸರಿಹೋಗುತ್ತದೆ. ತೂಗಿಸಿದ ಮೀನು ಕಣ್ಣೆದುರಿಂದ ಮರೆಯಾಗಲು ಬಿಡಬೇಡಿ, ನೀವೇ ಅಡುಗೆಯವರ ಕೈಗೆ ಕೊಡಿ.

ಚಿಪ್ಪಿನ ಜೀವಿಗಳನ್ನು ಕೊಳ್ಳುವ ಮುನ್ನ ‘ರೆಡ್ ಟೈಡ್’ ಎಚ್ಚರಿಕೆ, ಎಂದರೆ ಚಿಪ್ಪುಗಳಿಗೆ ವಿಷ ಸೇರಿಸುವ ಸೂಕ್ಷ್ಮ ಪಾಚಿ ಸಮುದ್ರದಲ್ಲಿ ಹೆಚ್ಚಿದೆಯೆಂಬ ಎಚ್ಚರಿಕೆ, ಇದೆಯೇ ಎಂದು ಅಂದಿನ ಸುದ್ದಿಯಲ್ಲಿ ನೋಡಬೇಕು. ಯಾವ ಕೊಲ್ಲಿಯ ಚಿಪ್ಪುಗಳನ್ನು ತಿನ್ನಬಾರದೆಂದು ಅಲ್ಲಿನ ಮೀನುಗಾರಿಕೆ ಇಲಾಖೆ ಪ್ರಕಟಿಸುತ್ತದೆ. ಆ ವಿಷ ಬೇಯಿಸಿದರೂ ಹೋಗುವುದಿಲ್ಲ. ಸಾಮಾನ್ಯ ಭೇದಿಗೆ ಔಷಧದಂಗಡಿಯಲ್ಲಿ ‘ಒರೆಸೊಲ್’ ಎಂದು ಕೇಳಿದರೆ ಉಪ್ಪು-ಸಕ್ಕರೆಯ ಪುಡಿ ಕೊಡುತ್ತಾರೆ, ಬಾಟಲಿಯ ನೀರಿನಲ್ಲಿ ಕರಗಿಸಿ ಕುಡಿಯಿರಿ. ಜ್ವರ ಏರಿದರೆ ಅಥವಾ ಮಲದಲ್ಲಿ ರಕ್ತ ಕಂಡರೆ ವೈದ್ಯರ ಬಳಿಗೆ ಹೋಗಿ. ಚಿಪ್ಪು ತಿಂದ ಕೆಲವೇ ಹೊತ್ತಿನಲ್ಲಿ ತುಟಿಯೂ ಬೆರಳ ತುದಿಗಳೂ ಜುಮುಗುಟ್ಟತೊಡಗಿದರೆ ಔಷಧದಂಗಡಿಯಲ್ಲಿ ನಿಲ್ಲದೆ ತುರ್ತು ಚಿಕಿತ್ಸೆ ಇರುವ ಆಸ್ಪತ್ರೆಗೆ ಹೊರಡಿ, ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ ಎಂಬುದನ್ನು ಅಲ್ಲಿ ಮೊದಲ ಮಾತಿನಲ್ಲೇ ಹೇಳಿ.